ಬಲ್ಲವರೇಕೆ ಹಿಂಜರಿಯುತ್ತಾರೆ?

ಹೊಳೆಯ ಆಳವನ್ನು ಬಲ್ಲ ಅಂಬಿಗನು ದೋಣಿಯನ್ನೇರಲು ಅಂಜುವುದಿಲ್ಲ. ತಿಳಿವಳಿಕೆ ಹೆಚ್ಚಿದಂತೆಲ್ಲ ಭಯ ಕಡಿಮೆಯಾಗುವುದೆಂಬುದು ನಮ್ಮ ಸಾಮಾನ್ಯ ನಂಬಿಕೆ. ಹಾಗಿರುವಾಗ, ದಿನವೂ ಇತರರ ತೋಳಿಗೆ ಲಸಿಕೆ ಚುಚ್ಚುವ ದಾದಿಯೊಬ್ಬರು ತಮ್ಮ ತೋಳನ್ನು ಒಡ್ಡಲು ಮಾತ್ರ ಹಿಂದೆಗೆದರೆ ನಮಗೆ ಸೋಜಿಗವಾಗುವುದು ಸಹಜ. ಆದರೆ ಇದು ಅಪರೂಪದ ಸಂಗತಿಯಲ್ಲ. ಲಸಿಕೆ ಕೈಗೆಟುಕುವಂತಿದ್ದರೂ ಅದನ್ನು ಮುಂದೂಡುವುದು ಅಥವಾ ನಿರಾಕರಿಸುವುದು, ಇದಕ್ಕೆ 'ಲಸಿಕೆ ಹಿಂಜರಿಕೆ' ಎಂದು ಹೆಸರು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಲೋಕದ ಆರೋಗ್ಯಕ್ಕೆ ಒದಗಿರುವ ಹತ್ತು ಅಪಾಯಗಳನ್ನು ಹೆಸರಿಸಿದಾಗ ಅದರಲ್ಲಿ ಈ ಹಿಂಜರಿಕೆಯೂ ಒಂದಾಗಿತ್ತು. ವೈದ್ಯರೂ ದಾದಿಯರೂ ಇದಕ್ಕೆ ಹೊರತಲ್ಲ. ಅವರ ಹಿಂಜರಿಕೆಯನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಹಾಗಾದರೆ ಅದರ ಮೂಲ ಯಾವುದು? ಎರಡು ನಿದರ್ಶನಗಳನ್ನು ಮುಂದಿಟ್ಟುಕೊಂಡು ವಿಚಾರ ಮಾಡೋಣ.

ಎರಡು ನಿದರ್ಶನಗಳು

ಹೆಪಟೈಟಿಸ್-ಬಿ ಎಂಬುದು ಯಕೃತ್ತಿಗೆ ತಗಲುವ, ರಕ್ತದ ಮೂಲಕ ಹರಡುವ ಒಂದು ವೈರಸ್ ರೋಗ. ಲಸಿಕೆ ಪಡೆಯದ ದಾದಿಗೆ ಈ ರೋಗವುಳ್ಳವನ ರಕ್ತ ಸೋಕಿದ ಸೂಜಿ ಚುಚ್ಚಿದರೆ ಸೋಂಕು ತಗಲುವ ಸಂಭವ ನೂರಕ್ಕೆ 6ರಿಂದ 30ರವರೆಗೆ ಇರುತ್ತದೆ. ಇದರ ಮೊದಲ ಲಸಿಕೆಗೆ ಅಮೆರಿಕದಲ್ಲಿ 1981ರಲ್ಲಿ ಅನುಮತಿ ದೊರೆಯಿತು. ಆಸ್ಪತ್ರೆಯ ಕೆಲಸಗಾರರಿಗೆ ಅದು ವರದಾನವೇ ಸರಿ. ಆದರೂ ಬಹುಮಂದಿ ಅದರ ಹತ್ತಿರ ಸುಳಿಯಲಿಲ್ಲ. ಕಾರಣವೇನೆಂದರೆ, ಆ ಲಸಿಕೆಯನ್ನು ಸೋಂಕುಳ್ಳವರ ರಕ್ತರಸದಿಂದ ಸಿದ್ಧಪಡಿಸುತ್ತಿದ್ದರು. ಅದೇ ವರ್ಷವೇ ಏಡ್ಸ್ ರೋಗದ ಮೊದಲ ವರದಿಗಳೂ ಹೊರಬಿದ್ದಿದ್ದವು. 'ಈ ರಕ್ತದ ಮೂಲಕ ಆ ರೋಗವೂ ಬಂದರೆ?' ಎಂಬ ಶಂಕೆ ಹುಟ್ಟಿತು. ಲಸಿಕೆಯ ತಯಾರಿಕೆಯಲ್ಲಿ ರಕ್ತರಸವು ಹಾದುಹೋಗುವ ರಾಸಾಯನಿಕ ಹಂತಗಳು ಏಡ್ಸ್ ವೈರಸ್ಸನ್ನೂ ನಾಶಮಾಡುತ್ತವೆಂಬುದು ಮುಂದೆ ಪ್ರಯೋಗಗಳಿಂದ ಸಿದ್ಧವಾಯಿತು. 1986ರಲ್ಲಿ ಮಾನವ ರಕ್ತದ ಗೊಡವೆಯೇ ಇಲ್ಲದೆ, ಯೀಸ್ಟಿನಿಂದ ತಯಾರಿಸಿದ ಲಸಿಕೆಯೂ ಬಂದಿತು. ಸೋಜಿಗವೆಂದರೆ, ಶಂಕೆಯ ಕಾರಣವು ನೀಗಿದ ಮೇಲೂ ಲಸಿಕೆ ಪಡೆಯುವವರ ಸಂಖ್ಯೆ ನಿಧಾನವಾಗಿಯೇ ಏರಿತು. ಭಯವೊಂದೇ ಇದಕ್ಕೆ ಕಾರಣವಾಗಿರಲಿಲ್ಲವೆಂದು ಇದರಿಂದ ತಿಳಿಯುತ್ತದೆ.

ಎರಡನೆಯ ನಿದರ್ಶನ ನಮ್ಮ ದೇಶದ್ದು. 2021ರ ಜನವರಿ 16ರಂದು ಕೋವಿಡ್ ಲಸಿಕೆಯ ಕಾರ್ಯಕ್ರಮ ಆರಂಭವಾದಾಗ ಆರೋಗ್ಯ ಕಾರ್ಯಕರ್ತರಿಗೇ ಮೊದಲ ಸರದಿ. ಮೊದಲ ದಿನ ಸುಮಾರು ಮೂರು ಲಕ್ಷ ಮಂದಿಗೆ ಲಸಿಕೆ ಹಾಕುವ ಯೋಜನೆಯಿತ್ತು. ಹಾಕಿಸಿಕೊಂಡವರು ಸುಮಾರು 1.9 ಲಕ್ಷ. ಕೊರತೆಗೆ ನೋಂದಣಿಯ ತಾಂತ್ರಿಕ ತೊಡಕುಗಳೂ ಕಾರಣವಾಗಿದ್ದವು. ಹಿಂಜರಿಕೆಯ ಪಾಲೂ ಇದ್ದಿತು. ಕೋವ್ಯಾಕ್ಸಿನ್ ಲಸಿಕೆಗೆ, ಅದು ರೋಗವನ್ನು ಎಷ್ಟರಮಟ್ಟಿಗೆ ತಡೆಯುವುದೆಂಬ ಮೂರನೆಯ ಹಂತದ ಪರೀಕ್ಷೆಯ ಫಲಿತಾಂಶ ಹೊರಬರುವ ಮೊದಲೇ, ಜನವರಿ 3ರಂದು ಅನುಮತಿ ನೀಡಲಾಗಿತ್ತು. ದೆಹಲಿಯ ಒಂದು ದೊಡ್ಡ ಆಸ್ಪತ್ರೆಯ ಯುವ ವೈದ್ಯರು ತಮಗೆ ಬೇರೆ ಲಸಿಕೆಯನ್ನು ಕೊಡಬೇಕೆಂದು ಪತ್ರವನ್ನೇ ಬರೆದರು. ಅದು ಅಂಧಭೀತಿಯಲ್ಲ, 'ಸಾಕ್ಷ್ಯವೆಲ್ಲಿ?' ಎಂಬ ವೈಜ್ಞಾನಿಕ ಪ್ರಶ್ನೆ. ಮಾರ್ಚ್ 3ರಂದು ಮಧ್ಯಂತರ ಫಲಿತಾಂಶ ಪ್ರಕಟವಾಗಿ, ಲಸಿಕೆಯು ಶೇಕಡಾ 81ರಷ್ಟು ಪರಿಣಾಮಕಾರಿ ಎಂದು ಆಗ ತಿಳಿದುಬಂದಿತು. ಆದುದರಿಂದ ಹಿಂಜರಿಯುವವರನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಬರ್ನೌಲಿಯ ಲೆಕ್ಕ, ದಾಲಂಬೇರನ ಆಕ್ಷೇಪ

ದ್ರವಗಳ ಚಲನೆಯ ಪಾಠದಲ್ಲಿ ವಿದ್ಯಾರ್ಥಿಗಳು ಡೇನಿಯಲ್ ಬರ್ನೌಲಿಯ ಹೆಸರನ್ನು ಕೇಳಿರುತ್ತಾರೆ. ಅದೇ ಬರ್ನೌಲಿ 1760ರಲ್ಲಿ ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಮುಂದೆ ಸಿಡುಬಿನ ಲೆಕ್ಕವೊಂದನ್ನು ಮಂಡಿಸಿದನು. ಜೆನ್ನರನ ಗೋದಾಕು ಇನ್ನೂ ಹುಟ್ಟಿರಲಿಲ್ಲ. ರೋಗಿಯ ಮೈಮೇಲಿನ ಸಿಡುಬಿನ ಕೀವನ್ನೇ ಆರೋಗ್ಯವಂತನ ಚರ್ಮಕ್ಕೆ ಸೋಕಿಸಿ ಮೃದುವಾದ ಸಿಡುಬನ್ನು ಬರಿಸುವ ಪದ್ಧತಿಯಿತ್ತು. ಅದರಿಂದ 200 ಮಂದಿಯಲ್ಲಿ ಒಬ್ಬನು ಸಾಯುವನೆಂದೂ, ತಾನಾಗಿ ಬರುವ ಸಿಡುಬಿನಿಂದ 8 ಮಂದಿಯಲ್ಲಿ ಒಬ್ಬನು ಸಾಯುವನೆಂದೂ ಇಟ್ಟುಕೊಂಡು ಆತನು ಲೆಕ್ಕಹಾಕಿದನು. ಎಲ್ಲರಿಗೂ ಈ ಉಪಾಯವನ್ನು ಮಾಡಿದರೆ ಸರಾಸರಿ ಆಯುಸ್ಸು ಸುಮಾರು ಮೂರು ವರ್ಷ ಹೆಚ್ಚುವುದೆಂದು ಸಿದ್ಧವಾಯಿತು.

ಇದಕ್ಕೆ ಆಕ್ಷೇಪವೆತ್ತಿದವನು ಇನ್ನೊಬ್ಬ ಮಹಾಗಣಿತಜ್ಞನಾದ ದಾಲಂಬೇರ್. ಆತನೂ ಆ ಪದ್ಧತಿಯ ವಿರೋಧಿಯಾಗಿರಲಿಲ್ಲ. ಆದರೆ ಆತನು ಕೇಳಿದನು: ಇಂದು ಒಡ್ಡಿಕೊಳ್ಳುವ ಸಾವಿನ ಅಪಾಯವನ್ನೂ, ಬಾಳಿನ ಕೊನೆಯಲ್ಲಿ ಎಂದೋ ಸೇರುವ ಮೂರು ವರ್ಷಗಳನ್ನೂ ಒಂದೇ ಅಳತೆಗೋಲಿನಿಂದ ಅಳೆಯುವುದು ಹೇಗೆ? ಹತ್ತಿರದ ಸಣ್ಣ ಅಪಾಯವು ದೂರದ ದೊಡ್ಡ ಅಪಾಯಕ್ಕಿಂತ ಮನಸ್ಸಿಗೆ ದೊಡ್ಡದಾಗಿ ತೋರುತ್ತದೆ. ಕಣ್ಣಿನ ಬಳಿ ಹಿಡಿದ ಕಾಸು ಸೂರ್ಯನನ್ನೇ ಮರೆಮಾಡುವಂತೆ ಇದು. ಹಿಂಜರಿಕೆಯ ಮೊದಲ ಬೇರು ಇದೇ.

ಎರಡನೆಯ ಬೇರು ಮಾಡುವುದಕ್ಕೂ ಮಾಡದಿರುವುದಕ್ಕೂ ನಾವು ಕಲ್ಪಿಸುವ ಅಂತರ. ತಾನು ಮಾಡಿದ ಕಾರ್ಯದಿಂದ ಕೆಡುಕಾದರೆ ಮನುಷ್ಯನಿಗೆ ಹೆಚ್ಚು ಸಂಕಟ. ಸುಮ್ಮನಿದ್ದುದರಿಂದ ಕೆಡುಕಾದರೆ ಅದು ವಿಧಿಯೆಂಬ ಸಮಾಧಾನ. ಮಿಂಚಿನ ಸ್ವರೂಪವನ್ನು ಶೋಧಿಸಿದ ಬೆಂಜಮಿನ್ ಫ್ರಾಂಕ್ಲಿನ್ ಇದರ ಹುಸಿತನವನ್ನು ಕಠಿಣವಾದ ದಾರಿಯಲ್ಲಿ ಅರಿತನು. ಆತನ ನಾಲ್ಕು ವರ್ಷದ ಮಗನು 1736ರಲ್ಲಿ ಸಿಡುಬಿನಿಂದ ತೀರಿಕೊಂಡನು. ಮಗುವಿಗೆ ಸಿಡುಬಿನ ಮದ್ದನ್ನು ಹಾಕಿಸಿರಲಿಲ್ಲ. ಆ ಪಶ್ಚಾತ್ತಾಪವನ್ನು ತನ್ನ ಆತ್ಮಕಥೆಯಲ್ಲಿ ಆತನು ತೋಡಿಕೊಂಡಿದ್ದಾನೆ. ಹಾಕಿಸಿದರೂ ಹಾಕಿಸದಿದ್ದರೂ ಪಶ್ಚಾತ್ತಾಪದ ಸಂಭವ ಇದ್ದೇ ಇದೆ. ಆದುದರಿಂದ ಹೆಚ್ಚು ಸುರಕ್ಷಿತವಾದುದನ್ನೇ ಆರಿಸಬೇಕೆಂಬುದು ಆತನು ಇತರ ತಂದೆತಾಯಿಗಳಿಗೆ ಹೇಳಿದ ಬುದ್ಧಿ.

ಛೇದವನ್ನು ಮರೆತ ಭಿನ್ನರಾಶಿ

ಆಸ್ಪತ್ರೆಯವರಿಗೆ ಇನ್ನೊಂದು ವಿಶೇಷ ತೊಡಕುಂಟು. ಲಸಿಕೆ ಪಡೆದು ಸುಖವಾಗಿ ಮನೆಯಲ್ಲಿರುವವರು ಅವರ ಕಣ್ಣಿಗೆ ಬೀಳುವುದಿಲ್ಲ. ಕಾಯಿಲೆಯಾದವರು ಮಾತ್ರ ಬಂದು ಹಾಸಿಗೆ ಸೇರುತ್ತಾರೆ. ಹೀಗೆ ಭಿನ್ನರಾಶಿಯ ಅಂಶವು ಕಣ್ಣೆದುರಿಗಿರುತ್ತದೆ, ಛೇದವು ಕಾಣದಾಗುತ್ತದೆ. ಒಂದು ಲೆಕ್ಕವನ್ನು ಮಾಡಿನೋಡಿ. ಒಂದು ಲಕ್ಷ ಜನರಿರುವ ಪಟ್ಟಣವೊಂದರಲ್ಲಿ ಸಾವಿರಕ್ಕೆ ವರ್ಷಕ್ಕೆ ಆರು ಮರಣಗಳೆಂದಿಟ್ಟುಕೊಳ್ಳೋಣ. ವರ್ಷಕ್ಕೆ 600, ವಾರಕ್ಕೆ ಸುಮಾರು 11 ಅಥವಾ 12 ಮರಣಗಳಾದವು. ಒಂದೇ ದಿನ ಊರಿಗೆಲ್ಲ ಬರಿಯ ನೀರನ್ನು ಚುಚ್ಚಿದರೂ, ಮುಂದಿನ ವಾರ ಅಷ್ಟು ಮಂದಿ ತೀರಿಕೊಳ್ಳುವರು. ಅವರೆಲ್ಲರ ಸುದ್ದಿಯೂ ಆಸ್ಪತ್ರೆಯ ಮೊಗಸಾಲೆಯಲ್ಲಿ ಸುಳಿದಾಡುವುದು.

ಹಾಗೆಂದು ಎಲ್ಲವನ್ನೂ ಕಾಕತಾಳೀಯವೆನ್ನುವುದೂ ತಪ್ಪು. ಸಹಜವಾಗಿ ನಿರೀಕ್ಷಿಸಿದ ಸಂಖ್ಯೆಗಿಂತ ನಿಜವಾದ ಸಂಖ್ಯೆ ಹೆಚ್ಚಾಗಿದೆಯೇ ಎಂದು ಹೋಲಿಸಬೇಕು. ಆಸ್ಟ್ರಜೆನೆಕ ಲಸಿಕೆಯಿಂದ ಬಹು ಅಪರೂಪವಾಗಿ ರಕ್ತ ಹೆಪ್ಪುಗಟ್ಟುವ ತೊಂದರೆಯುಂಟೆಂಬುದು 2021ರಲ್ಲಿ ಬೆಳಕಿಗೆ ಬಂದಾಗ ಈ ಹೋಲಿಕೆಯೇ ನೆರವಾಯಿತು. ನಿರಪರಾಧಿಯನ್ನು ಬಿಡಿಸುವುದೂ ಅಪರಾಧಿಯನ್ನು ಹಿಡಿಯುವುದೂ ಒಂದೇ ಲೆಕ್ಕದ ಕೆಲಸ.

ಇವಲ್ಲದೆ ಅಭ್ಯಾಸಬಲವೂ ಉಂಟು. ದಿನವೂ ರೋಗದ ನಡುವೆ ಬಾಳಿ ಏನೂ ಆಗದಿದ್ದವರಿಗೆ 'ನನಗೇನೂ ಆಗದು' ಎಂಬ ಧೈರ್ಯ ಬೆಳೆಯುತ್ತದೆ. ಮೇಲಿನವರ ಮೇಲೆ ವಿಶ್ವಾಸ ಕಳೆದುಹೋಗಿದ್ದರೆ ಅವರು ಕೊಡುವ ಲಸಿಕೆಯ ಮೇಲೂ ವಿಶ್ವಾಸ ಮೂಡದು. ಬಲವಂತ ಮಾಡಿದರಂತೂ ಮನಸ್ಸು ಕಳೆದುಕೊಂಡ ಸ್ವಾತಂತ್ರ್ಯವನ್ನು ಮರಳಿ ಪಡೆಯಲು ಸೆಟೆದು ನಿಲ್ಲುತ್ತದೆ. ಇದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಜ್ಯಾಕ್ ಬ್ರೆಮ್ 1966ರಲ್ಲಿ ವಿವರಿಸಿದನು.

ಹಿಂಜರಿಕೆ ಕರಗುವ ಬಗೆ

2021ರ ಆರಂಭದಲ್ಲಿ, ದಾದಿಯಾಗಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬರು ಮನೆಗೆ ಬಂದಿದ್ದರು. "ನಾಳೆ ನನ್ನ ಸರದಿ, ಸಾರ್. ಮೊದಲು ನಮ್ಮ ದೊಡ್ಡ ಡಾಕ್ಟರು ಹಾಕಿಸಿಕೊಳ್ಳಲಿ, ಆಮೇಲೆ ನೋಡೋಣ ಅಂತಿದ್ದೇನೆ. ನನಗೇನಾದರೂ ಆದರೆ ಅಮ್ಮನನ್ನು ನೋಡಿಕೊಳ್ಳುವವರು ಯಾರು?" ಎಂದರು. ನಾನು ಮೇಲಿನ ವಾರದ ಲೆಕ್ಕವನ್ನು ಉತ್ಸಾಹದಿಂದ ಮಾಡಿ ತೋರಿಸಿದೆನು. ಆಕೆ ಗೌರವದಿಂದ ಕೇಳಿ, ಕಾಫಿ ಕುಡಿದು ಹೊರಟುಹೋದರು. ಮರುದಿನ ಹಾಕಿಸಿಕೊಳ್ಳಲಿಲ್ಲ. ಎರಡು ವಾರಗಳ ಬಳಿಕ ಹಾಕಿಸಿಕೊಂಡರೆಂದು ತಿಳಿಯಿತು. ಕಾರಣ ನನ್ನ ಲೆಕ್ಕವಲ್ಲ. ಅವರ ವಾರ್ಡಿನ ಹಿರಿಯ ದಾದಿಯೊಬ್ಬರು ತಾವು ಹಾಕಿಸಿಕೊಂಡು, ಒಂದು ರಾತ್ರಿ ಜ್ವರ ಬಂದುದನ್ನೂ ಮುಚ್ಚಿಡದೆ ಹೇಳಿ, ಈಕೆಯ ಅಮ್ಮನ ವಿಚಾರವನ್ನು ಪೂರ್ತಿ ಕೇಳಿಸಿಕೊಂಡಿದ್ದರು. ಏಪ್ರಿಲಿನಲ್ಲಿ ಎರಡನೆಯ ಅಲೆ ಎದ್ದಾಗ ಆಕೆ ಕೋವಿಡ್ ವಾರ್ಡಿನಲ್ಲಿಯೇ ಕೆಲಸದಲ್ಲಿದ್ದರು. ಲೆಕ್ಕವು ಸರಿಯಾಗಿತ್ತು, ಆದರೆ ಆಕೆ ಕೇಳಿದ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ.

ಅಮೆರಿಕದ ಅನುಭವವೂ ಇದನ್ನೇ ಹೇಳುತ್ತದೆ. ಹೆಪಟೈಟಿಸ್ ಲಸಿಕೆಯನ್ನು ಕೆಲಸದ ಸ್ಥಳದಲ್ಲಿಯೇ ಉಚಿತವಾಗಿ ನೀಡಬೇಕೆಂದು ಅಲ್ಲಿ 1991ರಲ್ಲಿ ನಿಯಮವಾಯಿತು. ಬೇಡವೆನ್ನುವವರು ಹಾಗೆಂದು ಬರೆದುಕೊಡಬಹುದಾಗಿತ್ತು. ಮುಂದೆ ಮನಸ್ಸು ಬದಲಾದರೆ ಬಾಗಿಲು ತೆರೆದೇ ಇರುತ್ತಿತ್ತು. 1983ರಲ್ಲಿ ಆರೋಗ್ಯ ಕಾರ್ಯಕರ್ತರಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿದ್ದ ವಾರ್ಷಿಕ ಸೋಂಕುಗಳು 1990ರ ದಶಕದ ನಡುವಿನ ಹೊತ್ತಿಗೆ ಕೆಲವು ನೂರಕ್ಕೆ ಇಳಿದವು. ಲಸಿಕೆಯೊಡನೆ ಕೈಗವಸು ಮೊದಲಾದ ಎಚ್ಚರಿಕೆಗಳೂ ಇದಕ್ಕೆ ನೆರವಾದುವು.

ದಾದಿಯು ಲಸಿಕೆ ಪಡೆದರೆ ಆಕೆಯೊಬ್ಬಳಿಗೇ ಲಾಭವೆಂದು ಎಣಿಸಬಾರದು. 'ಸಿಸ್ಟರ್, ನೀವು ಹಾಕಿಸಿಕೊಂಡಿರಾ?' ಎಂದು ರೋಗಿಯು ಕೇಳಿದಾಗ ಆಕೆಯ ಉತ್ತರವೂ, ಒಂದು ಕ್ಷಣದ ಮೌನವೂ ಆತನ ಮನೆಮಂದಿಯವರೆಗೆ ತಲಪುತ್ತವೆ. ಈ ಲೇಖನವನ್ನು ಓದುವ ವಿದ್ಯಾರ್ಥಿಗಳಲ್ಲಿ ಕೆಲವರು ಮುಂದೆ ವೈದ್ಯರೋ ದಾದಿಯರೋ ಆಗುವಿರಿ. ಆಗ ಬರ್ನೌಲಿಯಂತೆ ಲೆಕ್ಕಹಾಕಲು ಕಲಿತಿರಿ. ಎದುರಿಗಿರುವವರು ದಾಲಂಬೇರನ ಪ್ರಶ್ನೆಯನ್ನು ಕೇಳಿದರೆ ಅದನ್ನು ಕಡೆಯವರೆಗೆ ಆಲಿಸುವ ತಾಳ್ಮೆಯನ್ನೂ ಬೆಳೆಸಿಕೊಳ್ಳಿ.