ಕವಣೆ ಕಲ್ಲು ಎಲ್ಲಿ ಬೀಳುತ್ತದೆ?

ನಮ್ಮ ಹೊಲ ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ರಸ್ತೆಯ ಕಡೆ ಇದೆ. ಸಜ್ಜೆ ತೆನೆ ಕಟ್ಟಿದಾಗ ಗುಬ್ಬಿ, ಗಿಣಿ ಓಡಿಸೋದು ನನ್ನ ಕೆಲಸ. ಒಂದು ದಿನ ಬದುವಿನ ಮೇಲೆ ನಿಂತು ತಾತನ ಕವಣೆ ಬೀಸಿದೆ. ಕಲ್ಲು ಗಿಣಿಗಳ ಮೇಲೆ ಹಾರಿ, ಆಚೆ ಬದುವಿನಲ್ಲಿ ಸೊಪ್ಪು ಕೊಯ್ಯುತ್ತಿದ್ದ ಅಜ್ಜಿಯ ಪಕ್ಕ ಒಂದೇ ಗೇಣು ದೂರದಲ್ಲಿ ಬಿತ್ತು. ಅಜ್ಜಿ ಕೂಗಿಕೊಂಡಳು. ತಾತ "ಅಲ್ಲಿ ಯಾರವ್ರೆ ಅಂತ ನೋಡಬಾರ್ದೇನ್ಲಾ?" ಎಂದು ಕವಣೆ ಕಿತ್ತುಕೊಂಡ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕಲ್ಲು ಮೇಲಕ್ಕೆ ಹೋದರೆ ದೂರ ಹೋಗಲ್ಲ, ದಮ್ಮು ಮುಗಿದು ಅಲ್ಲೇ ಬೀಳುತ್ತೆ ಅಂತ ನಾನು ತಿಳಿದಿದ್ದೆ. ಅದು ತಪ್ಪು. ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ಮೇಜಿನ ಅಂಚಿನಲ್ಲಿ ಎರಡು ಹುಣಸೆ ಬೀಜ ಇಟ್ಟರು. ಒಂದನ್ನು ಸುಮ್ಮನೆ ಕೆಳಗೆ ಬೀಳಿಸಿ, ಅದೇ ಕ್ಷಣ ಇನ್ನೊಂದನ್ನು ಅಡ್ಡಕ್ಕೆ ಚಿಮ್ಮಿಸಿದರು. ಒಂದು ಹತ್ತಿರ ಬಿತ್ತು, ಒಂದು ಬಾಗಿಲ ಹತ್ತಿರ ಬಿತ್ತು. ಆದರೆ ಟಕ್ ಅಂತ ಒಂದೇ ಸದ್ದು! ನೀವೂ ಮಾಡಿ ನೋಡಿ.

ಅಂದರೆ ಅಡ್ಡ ಓಟ ಬೇರೆ, ಕೆಳಗೆ ಬೀಳುವುದು ಬೇರೆ. ಕೈ ಬಿಟ್ಟ ಕ್ಷಣದಿಂದಲೇ ಭೂಮಿ ಕಲ್ಲನ್ನು ಎಳೆಯುತ್ತದೆ, ದಮ್ಮು ಮುಗಿಯಲಿ ಅಂತ ಕಾಯುವುದಿಲ್ಲ. ಸುಮ್ಮನೆ ಬಿಟ್ಟ ಕಲ್ಲು 1 ಸೆಕೆಂಡಿಗೆ 4.9 ಮೀಟರ್, 2 ಸೆಕೆಂಡಿಗೆ 19.6 ಮೀಟರ್ ಬೀಳುತ್ತದೆ. ಅಡ್ಡ ಓಟವನ್ನು ಭೂಮಿ ಮುಟ್ಟುವುದೇ ಇಲ್ಲ, ಗಾಳಿ ಮಾತ್ರ ಸ್ವಲ್ಪ ತಡೆಯುತ್ತದೆ. ಎರಡೂ ಸೇರಿ ಆಗುವ ಬಾಗಿದ ದಾರಿಗೆ ಪರವಲಯ ಎಂದು ಹೆಸರು. ಇಟಲಿಯ ಗೆಲಿಲಿಯೋ ಇದನ್ನು 1638ರಲ್ಲಿ ಪುಸ್ತಕದಲ್ಲಿ ಬರೆದ.

ಈಗ ನನ್ನ ಕಲ್ಲಿನ ಲೆಕ್ಕ. ವೇಗ ಸೆಕೆಂಡಿಗೆ 25 ಮೀಟರ್ ಎಂದುಕೊಳ್ಳಿ, ಗಾಳಿ ಬಿಡಿ. ನೆಲಕ್ಕೆ ಸಮನಾಗಿ 1.25 ಮೀಟರ್ ಎತ್ತರದಿಂದ ಬೀಸಿದ್ದರೆ ಅರ್ಧ ಸೆಕೆಂಡಿಗೇ ನೆಲ ಸೇರಿ, 12.5 ಮೀಟರ್ ಮಾತ್ರ ಹೋಗುತ್ತಿತ್ತು. ಆದರೆ ನಾನು ಕೈ ಮೇಲೇರುವಾಗ ಹುರಿ ಬಿಟ್ಟೆ. ಬಿಟ್ಟ ಕ್ಷಣ ಯಾವ ಕಡೆ ಹೋಗುತ್ತಿತ್ತೋ ಆ ಕಡೆಗೇ ಕಲ್ಲು ಹೊರಡುತ್ತದೆ. ಆ 25ರಲ್ಲಿ ಮೇಲ್ಮುಖ 20, ಅಡ್ಡ 15 (3, 4, 5ರ ತ್ರಿಕೋನ ನೆನಪಿದೆಯಲ್ಲ?). ಮೇಲ್ಮುಖ ವೇಗ ಸೆಕೆಂಡಿಗೆ ಸುಮಾರು 10ರಂತೆ ಕಡಿಮೆಯಾಗಿ 2 ಸೆಕೆಂಡಿಗೆ ಸೊನ್ನೆ. ಇಳಿಯಲು ಇನ್ನೆರಡು. ಒಟ್ಟು 4 ಸೆಕೆಂಡು ಅಡ್ಡ ಓಟ ನಿಂತೇ ಇಲ್ಲ! 15 ಗುಣಿಲೆ 4, ಅಂದರೆ 60 ಮೀಟರ್. ಅಜ್ಜಿ ಇದ್ದ ಬದು ಹೆಚ್ಚುಕಡಿಮೆ ಅಷ್ಟೇ ದೂರ. ಮೇಲೇರಿದ್ದೇ ಕಲ್ಲಿಗೆ ಹೊತ್ತು ಕೊಟ್ಟಿತು.

ಹಾಗಂತ ಪೂರ್ತಿ ಮೇಲಕ್ಕೆ ಎಸೆದರೆ ನಮ್ಮ ತಲೆ ಮೇಲೇ ಬೀಳುತ್ತದೆ. ಗಾಳಿ ಇಲ್ಲದಿದ್ದರೆ ಸಮನೆಲದಲ್ಲಿ 45 ಡಿಗ್ರಿಗೆ ಅತಿ ದೂರ.

ಒಬ್ಬ ಗೆಳೆಯ ಕೇಳಿದ, ನಮ್ಮ ಚಳ್ಳಕೆರೆ ತಾಲ್ಲೂಕಿನ ಪರೀಕ್ಷಾ ವಲಯದಲ್ಲಿ 2023ರ ಏಪ್ರಿಲ್ 2ರಂದು ಇಸ್ರೋದವರು ಹೆಲಿಕಾಪ್ಟರಿನಿಂದ 4.5 ಕಿಲೋಮೀಟರ್ ಎತ್ತರದಲ್ಲಿ ಬಿಟ್ಟ ವಾಹನ ಯಾಕೆ ಕಲ್ಲಿನ ಹಾಗೆ ಬೀಳಲಿಲ್ಲ ಅಂತ. ಅದಕ್ಕೆ ರೆಕ್ಕೆ ಇತ್ತು, ಗಾಳಿ ಅದನ್ನು ಎತ್ತಿ ಹಿಡಿಯಿತು, ತಾನೇ ದಾರಿ ತಿದ್ದಿಕೊಂಡು ರನ್‌ವೇ ಮೇಲೆ ಇಳಿಯಿತು. ರೆಕ್ಕೆ, ಗಾಳಿ ಎರಡೂ ಇಲ್ಲದಿದ್ದರೆ ಸುಮಾರು 30 ಸೆಕೆಂಡಿಗೇ ನೆಲಕ್ಕೆ.

ನನ್ನ ಲೆಕ್ಕವನ್ನು ತಾತನಿಗೆ ಓದಿ ಹೇಳಿದೆ. ಪೂರ್ತಿ ಕೇಳಿದ. ಕವಣೆ ಮಾತ್ರ ಇನ್ನೂ ಅಟ್ಟದ ಮೇಲೇ ಐತೆ. ಈಗ ಹಕ್ಕಿ ಓಡಿಸೋಕೆ ತಗಡಿನ ಡಬ್ಬ ಬಡಿಯುತ್ತೇನೆ.