ಬುತ್ತಿಯೂ ಇರಲಿ, ನೋಡುವ ಕಣ್ಣೂ ಇರಲಿ

ಉಂಡವಳ್ಳಿಯಿಂದ ಲಂಡನ್ನಿಗೆ ಓದಲು ಹೊರಟ ತಮ್ಮ, ತಂಗಿಯರೇ, ಪೆಟ್ಟಿಗೆ ಕಟ್ಟುವ ಮುನ್ನ ಎರಡು ಮಾತು.

ಕಟಕ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಒಯ್ಯಿರಿ. ರೊಟ್ಟಿ ಮುರಿದರೆ ಚಟ್ ಎನ್ನಬೇಕು. ಬಾಗಿದರೆ ಇನ್ನೊಂದು ಬಿಸಿಲು ಕಾಣಿಸಿ. ಅವ್ವ ಎಷ್ಟೇ ಒತ್ತಾಯ ಮಾಡಿದರೂ ತುಪ್ಪ, ಪೇಡೆ ಬೇಡ. ಭಾರತದಿಂದ ಹಾಲಿನ ಪದಾರ್ಥ, ಮಾಂಸ ಒಯ್ಯಲು ಬ್ರಿಟನ್ ಬಿಡುವುದಿಲ್ಲ.

ಇನ್ನು ಕಣ್ಣಿನ ಹಸಿವು. ಹೊರಡುವ ಮೊದಲು ಒಂದು ಬೆಳಗು ಪಕ್ಕದ ಆಲಂಪುರದಲ್ಲಿ ಕಳೆಯಿರಿ. ಬಾದಾಮಿ ಚಾಲುಕ್ಯರ ಕಾಲದ ನವಬ್ರಹ್ಮ ಗುಡಿಗಳು ಅಲ್ಲಿವೆ. ಹೆಸರು ಬ್ರಹ್ಮನದು, ಪೂಜೆ ಶಿವನಿಗೆ. ಸ್ವರ್ಗಬ್ರಹ್ಮ ಗುಡಿಯ ಗೋಡೆಯ ಮೇಲಿನ ಒಂದೇ ಶಿಲ್ಪದ ಮುಂದೆ ಅರ್ಧ ಗಂಟೆ ಕೂತು, ಬಂದಷ್ಟು ಗೀಚಿ.

ಅದೇ ರೂಢಿ ಲಂಡನ್ನಿಗೂ ಒಯ್ಯಿರಿ. ಬ್ರಿಟಿಷ್ ಮ್ಯೂಸಿಯಂನ ಕಾಯಂ ಸಂಗ್ರಹ ನೋಡಲು ದುಡ್ಡು ಕೊಡಬೇಕಿಲ್ಲ. ನಮ್ಮ ಕೃಷ್ಣೆಯೇ ಮುಂದೆ ಹರಿದುಹೋಗುವ ಅಮರಾವತಿಯ ಸ್ತೂಪದ ಶಿಲ್ಪಗಳು ಅಲ್ಲಿವೆ. ಒಂದೇ ದಿನ ಎಲ್ಲ ನೋಡುವ ಹಟ ಬೇಡ, ಕಾಲು ಸೋಲುತ್ತದೆ, ತಲೆಯಲ್ಲಿ ಏನೂ ಉಳಿಯುವುದಿಲ್ಲ. ಒಂದು ಕೋಣೆ ಸಾಕು. ಆಮೇಲೆ ಹತ್ತಿರದ ರಸೆಲ್ ಸ್ಕ್ವೇರ್ ಉದ್ಯಾನದಲ್ಲಿ ಬುತ್ತಿ ಬಿಚ್ಚಿ. ಪಕ್ಕದಲ್ಲಿ ಕೂತವರಿಗೂ ಒಂದು ತುಣುಕು ರೊಟ್ಟಿ ಕೊಡಿ. ಪರದೇಶದ ಗೆಳೆತನ ಅಲ್ಲಿಂದಲೇ ಶುರುವಾದೀತು.