ಹೊಗೆ ಮೇಲಕ್ಕೆ, ಅನಿಲ ಕೆಳಕ್ಕೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಹಂಚಿನ ಮನೆಗಳಲ್ಲಿ ಸೌದೆಯೊಲೆಯ ಬಿಸಿಹೊಗೆಯು ಮೇಲೇರಿ ಹಂಚಿನ ಸಂದುಗಳಿಂದ ಹೊರಬೀಳುವುದನ್ನು ಎಲ್ಲರೂ ಕಂಡಿದ್ದೇವೆ. ಅಡುಗೆ ಅನಿಲದ ನಡತೆ ಬೇರೆ. ಪ್ರೊಪೇನ್, ಬ್ಯುಟೇನ್‌ಗಳ ಈ ಮಿಶ್ರಣವು ಗಾಳಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ಭಾರವುಳ್ಳದ್ದು. ಸೋರಿದರೆ ನೀರಿನಂತೆ ನೆಲದಲ್ಲಿ ಹರಡಿ ಹೊಸ್ತಿಲಿನೊಳಗೆ ನಿಲ್ಲುತ್ತದೆ. ಗಾಳಿಯಲ್ಲಿ ಸುಮಾರು ಶೇಕಡಾ 2ರಷ್ಟು ಬೆರೆತರೆ ಕಿಡಿಯೊಂದೇ ಸಾಕು. ಆಟಿಯ ಜಡಿಮಳೆಗೆ ಕದ, ಕಿಟಕಿಗಳನ್ನು ಮುಚ್ಚಿರುವಾಗ ಅಪಾಯ ಹೆಚ್ಚು.

ಅನಿಲಕ್ಕೆ ಸ್ವಂತ ವಾಸನೆಯಿಲ್ಲ. ನಾವು ಹೀಗಳೆಯುವ ಆ ದುರ್ಗಂಧವು ಎಚ್ಚರಿಕೆಗೆಂದೇ ಬೆರೆಸಿದ ಮರ್ಕ್ಯಾಪ್ಟನ್ನಿನದು. ಅದು ಮೂಗಿಗೆ ತಾಗಿದೊಡನೆ ದೀಪದ ಗುಂಡಿಯನ್ನು ಉರಿಸುವುದಕ್ಕಾಗಲಿ, ಆರಿಸುವುದಕ್ಕಾಗಲಿ ಮುಟ್ಟಬಾರದು. ಅದರೊಳಗೂ ಕಿಡಿ ಹಾರುತ್ತದೆ. ರೆಗ್ಯುಲೇಟರನ್ನು ಮುಚ್ಚಿ, ಮಳೆ ಹೊಡೆದರೂ ಚಿಂತೆಯಿಲ್ಲ, ಬಾಗಿಲನ್ನು ತೆರೆಯಿರಿ. ಎತ್ತರದ ಗವಾಕ್ಷಿಯೊಂದರಿಂದಲೇ ಫಲವಿಲ್ಲ. ಬಚ್ಚಲೊಲೆಯಲ್ಲಿ ಕೆಂಡವಿದ್ದರೆ ಆ ಕಡೆಯ ಕದ ಮಾತ್ರ ಮುಚ್ಚಿಯೇ ಇರಲಿ.